ಉಚಿತ ವೈರಸ್‌ನಿವಾರಕಗಳೂ ಬಳಕೆದಾರರ ವಿಶ್ವಾಸವೂ: ಒಂದು ಐತಿಹಾಸಿಕ ಪರಿಶೀಲನೆ

1

ರೋಣ ತಾಲೂಕಿನ ಯಾವಗಲ್ಲು ಎರೆಭೂಮಿಯ ಊರು. ನರಗುಂದ, ನವಲಗುಂದ, ಗದಗ ಮುಂತಾದ ನೆರೆಯ ಸೀಮೆಗಳಲ್ಲಿಯಂತೆ ಇಲ್ಲಿಯೂ ಒಕ್ಕಲುತನದ ಇತಿಹಾಸವನ್ನು ಹತ್ತಿಯ ಹೊರತು ಬರೆಯಲಾಗದು. ಹತ್ತಿಯ ವ್ಯಾಪಾರದಲ್ಲಿ ಒಂದು ವೈಶಿಷ್ಟ್ಯವುಂಟು. ಬಿಗಿದು ಹೊಲಿದ ಅಂಡಿಗೆಯ ಒಳಗೇನಿದೆಯೆಂಬುದು ಹೊರಗೆ ನಿಂತವನಿಗೆ ಕಾಣದು. ಕೊಳ್ಳುವವನು ಅದರ ಹೆಸರನ್ನು ನಂಬಿ ಕೊಳ್ಳುತ್ತಾನೆ. ಹೆಸರು ಕೆಟ್ಟಿತೆಂದರೆ ಒಳ್ಳೆಯ ಮಾಲಿಗೂ ಬೆಲೆ ಇಳಿಯುತ್ತದೆ. ಈ ಸಂಗತಿಯನ್ನು ನಮ್ಮ ಪ್ರಾಂತವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಷ್ಟಪಟ್ಟು ಕಲಿತಿತು.

ಪ್ರಕೃತ ಪ್ರಬಂಧದ ವಿಷಯವು ಹತ್ತಿಯಲ್ಲ. ನಮ್ಮ ಕಾಲಕ್ಕೆ ಸೇರಿದ ಇನ್ನೊಂದು ಬಗೆಯ ಬೆರಕೆ. ಗಣಕಯಂತ್ರಗಳನ್ನು ವೈರಸ್ಸುಗಳಿಂದ ಕಾಪಾಡುವುದಾಗಿ ಹೇಳಿ ಉಚಿತವಾಗಿ ಹಂಚಲ್ಪಟ್ಟ ಆ್ಯಂಟಿವೈರಸ್ ತಂತ್ರಾಂಶಗಳು, ಬಳಕೆದಾರನು ಬೇಡದ ಟೂಲ್‌ಬಾರ್ ಮೊದಲಾದವುಗಳನ್ನು ತಮ್ಮೊಡನೆ ಸೇರಿಸಿ ತಂದುವು. ಅದರಿಂದ ಸುಮಾರು ಎರಡು ದಶಕಗಳಲ್ಲಿ ತಾವು ಗಳಿಸಿದ್ದ ವಿಶ್ವಾಸದ ಬಹುಭಾಗವನ್ನು ಕಳೆದುಕೊಂಡುವು. ಇಂಥ ವಿಷಯವು ಇತಿಹಾಸದ ವಿದ್ಯಾರ್ಥಿಗೆ ಸಂಬಂಧಿಸಿದುದೇ ಎಂದು ಯಾರಾದರೂ ಕೇಳಬಹುದು. ವ್ಯಾಪಾರದಲ್ಲಿ ನಂಬಿಕೆ ಹೇಗೆ ಹುಟ್ಟಿತು, ಹೇಗೆ ಕೆಟ್ಟಿತು, ಕೆಟ್ಟುದನ್ನು ಸರಿಪಡಿಸಲು ಸಮಾಜವು ಏನು ಮಾಡಿತು ಎಂಬುದು ಆರ್ಥಿಕ ಇತಿಹಾಸದ ಮೂಲಪ್ರಶ್ನೆಗಳಲ್ಲಿ ಒಂದು. ಆದುದರಿಂದ ಹಳೆಯ ಬೆರಕೆಯ ಕಥೆಯನ್ನು ಮೊದಲು ಸಂಕ್ಷೇಪವಾಗಿ ನೆನೆದು, ಅದರ ಬೆಳಕಿನಲ್ಲಿ ಹೊಸದನ್ನು ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

2

ಧಾರವಾಡ ಸೀಮೆಯಲ್ಲಿ ಮೊದಲಿನಿಂದ ಬೆಳೆಯುತ್ತಿದ್ದ ದೇಶೀ ಹತ್ತಿಯು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಆ ಬಂದರಿನ ಹೆಸರೇ ನಿಂತಿತು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜವು ಇಲ್ಲಿ ನೆಲೆಗೊಂಡು, 'ಧಾರವಾಡ-ಅಮೆರಿಕನ್' ಎಂಬ ಹೆಸರಿನ ಹತ್ತಿಯು ಲ್ಯಾಂಕಶೈರಿನ ಗಿರಣಿಗಳವರೆಗೆ ಪ್ರಸಿದ್ಧವಾಯಿತು. ಆದರೆ ಹೆಸರು ಬಂದಂತೆ ಬೆರಕೆಯೂ ಬೆಳೆಯಿತು. ಅಮೆರಿಕನ್ ಅರಳೆಯಲ್ಲಿ ಅಗ್ಗದ ದೇಶೀ ಅರಳೆಯನ್ನು ಸೇರಿಸುವುದು, ಹತ್ತಿಕಾಳು, ಎಲೆ, ಮಣ್ಣುಗಳನ್ನು ಉಳಿಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು ಇವೇ ಮೊದಲಾದ ದೋಷಗಳ ವಿಷಯವಾಗಿ ದೂರುಗಳು ನಿರಂತರವಾಗಿ ಬಂದುವು.

ಸರಕಾರವು ಇದನ್ನು ತಡೆಯಲು ಬಹಳ ಹಿಂದೆಯೇ ತೊಡಗಿತ್ತು. ಮುಂಬಯಿ ಸರಕಾರದ 1829ರ 3ನೆಯ ರೆಗ್ಯುಲೇಶನ್ನು ಹತ್ತಿಯ ಮೋಸವನ್ನು ದಂಡನೀಯವನ್ನಾಗಿ ಮಾಡಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಬೆಲೆಗಳು ಗಗನಕ್ಕೇರಿ ಬೆರಕೆ ಮಿತಿಮೀರಿದಾಗ 1863ರ 9ನೆಯ ಆ್ಯಕ್ಟು ಬಂದಿತು. ಹತ್ತಿಯ ತಪಾಸಣೆಗೆಂದು ಇನ್‌ಸ್ಪೆಕ್ಟರುಗಳು ನೇಮಕವಾದರು. ಆದರೆ ಈ ಏರ್ಪಾಡಿನಿಂದ ನಿರೀಕ್ಷಿಸಿದ ಫಲ ದೊರೆಯುತ್ತಿಲ್ಲವೆಂದು ವರ್ತಕರೇ ದೂರತೊಡಗಿದರು. 1878ರಲ್ಲಿ ಕಾನೂನನ್ನು ಹೊಸದಾಗಿ ರಚಿಸಿದರೂ 1880ರ ದಶಕದಲ್ಲಿ ಆ ವ್ಯವಸ್ಥೆಯನ್ನೇ ಕೈಬಿಡಬೇಕಾಯಿತು. ಮುಂದೆ 1923ರ ಹತ್ತಿ ಸಾಗಾಣಿಕೆಯ ಕಾನೂನು, 1925ರ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರಖಾನೆಗಳ ಕಾನೂನು ಇವು ಬೇರೆ ದಾರಿಯಿಂದ ಅದೇ ಸಮಸ್ಯೆಯನ್ನು ಎದುರಿಸಿದುವು.

ಈ ಕಥೆಯಲ್ಲಿ ನಮಗೆ ಮುಖ್ಯವಾದುದು ಒಂದೇ ಅಂಶ. ಶುದ್ಧವಾದ ಹತ್ತಿಗೂ ಬೆರಕೆಯ ಹತ್ತಿಗೂ ಪೇಟೆಯಲ್ಲಿ ಒಂದೇ ಬೆಲೆ ದೊರೆಯುವಲ್ಲಿ ಶುದ್ಧವಾಗಿ ತರುವವನಿಗೆ ನಷ್ಟವೇ ಫಲ. ಕೊಳ್ಳುವವನು ಗುಣವನ್ನು ಅಳೆಯಲಾಗದ ಪೇಟೆಯಲ್ಲಿ ಕೀಳು ಮಾಲು ಮೇಲು ಮಾಲನ್ನು ಹೊರದೂಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಪ್ರಕಟಿಸಿದ ಸುಪ್ರಸಿದ್ಧ ಲೇಖನದಲ್ಲಿ ಶಾಸ್ತ್ರೀಯವಾಗಿ ತೋರಿಸಿದರು. ಗಣಕದ ತಂತ್ರಾಂಶವಾದರೂ ಇಂಥ ಹೊಲಿದ ಅಂಡಿಗೆಯೇ. ಅದರ ಒಳಗೇನಿದೆಯೆಂಬುದನ್ನು ಸಾಮಾನ್ಯ ಬಳಕೆದಾರನು ಬಿಚ್ಚಿ ನೋಡಲಾರನು.

3

ಇನ್ನು ಪ್ರಕೃತಕ್ಕೆ ಬರೋಣ. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ 'ಬ್ರೇನ್' ಎಂಬುದನ್ನು ಐಬಿಎಂ ಮಾದರಿಯ ಗಣಕಗಳ ಮೊದಲ ವೈರಸ್ಸೆಂದು ಗಣಿಸುತ್ತಾರೆ. ಅಲ್ಲಿಂದ ಎರಡು ಮೂರು ವರ್ಷಗಳಲ್ಲಿಯೇ ವೈರಸ್‌ನಿವಾರಣೆಯು ಒಂದು ಉದ್ಯಮವಾಯಿತು. ಅಂದಿನ ಚೆಕೊಸ್ಲೊವಾಕಿಯದ ಪ್ರಾಗ್ ನಗರದಲ್ಲಿ 1988ರಲ್ಲಿ ಪಾವೆಲ್ ಬೌದಿಶ್ ಎಂಬವರು 'ವಿಯೆನ್ನಾ' ವೈರಸ್ಸನ್ನು ತೆಗೆಯುವ ಕ್ರಮವಿಧಿಯನ್ನು ಬರೆದರು. ಎಡುವರ್ಡ್ ಕುಚೆರಾ ಅವರೊಡನೆ ಅವರು ಕಟ್ಟಿದ ಸಂಸ್ಥೆಯೇ ಮುಂದೆ ಅವಾಸ್ಟ್ ಎನಿಸಿತು. ಅದೇ ದೇಶದ ಬ್ರನೋ ನಗರದಲ್ಲಿ 1991ರಲ್ಲಿ ಸ್ಥಾಪಿತವಾದ ಗ್ರಿಸಾಫ್ಟ್ ಸಂಸ್ಥೆಯು ಎವಿಜಿ ಎಂಬ ತಂತ್ರಾಂಶವನ್ನು ಹೊರತಂದಿತು. ಜರ್ಮನಿಯಲ್ಲಿ ಅವಿರಾ ಬೆಳೆಯಿತು. ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಈ ಮೂರು ಸಂಸ್ಥೆಗಳೂ ಮನೆಬಳಕೆಗೆ ಉಚಿತವಾದ ಆವೃತ್ತಿಗಳನ್ನು ನೀಡಿ ಜಗತ್ತಿನಾದ್ಯಂತ ಕೋಟ್ಯವಧಿ ಗಣಕಗಳನ್ನು ಹೊಕ್ಕುವು.

ಭಾರತದಲ್ಲಿ ಇವುಗಳಿಗೆ ಅಪಾರ ಸ್ವಾಗತ ದೊರೆತುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಅಂತರಜಾಲದ ಸಂಪರ್ಕ ವಿರಳವಾಗಿದ್ದ ಆ ದಿನಗಳಲ್ಲಿ ಪಟ್ಟಣದ ಸೈಬರ್ ಕೆಫೆಯೇ ವಿದ್ಯಾರ್ಥಿಗೆ ಗಣಕದ ಬಾಗಿಲು. ಯಾವಗಲ್ಲಿನಂಥ ಹಳ್ಳಿಯ ಹುಡುಗನು ಪರೀಕ್ಷೆಯ ಫಲಿತಾಂಶಕ್ಕಾಗಲಿ ಅರ್ಜಿ ತುಂಬುವುದಕ್ಕಾಗಲಿ ರೋಣಕ್ಕೋ ಗದಗಕ್ಕೋ ಹೋಗಬೇಕಾಗುತ್ತಿತ್ತು. ಅಲ್ಲಿಂದ ಪೆನ್‌ಡ್ರೈವಿನಲ್ಲಿ ಕಡತಗಳೊಡನೆ ವೈರಸ್ಸೂ ಪ್ರಯಾಣ ಮಾಡುತ್ತಿತ್ತು. ಪೆನ್‌ಡ್ರೈವನ್ನು ಚುಚ್ಚಿದೊಡನೆ ಅದರೊಳಗಿನ ಕ್ರಮವಿಧಿ ತಾನಾಗಿ ಓಡುವ 'ಆಟೋರನ್' ವ್ಯವಸ್ಥೆಯು ಇದಕ್ಕೆ ಅನುಕೂಲವಾಗಿತ್ತು. 2008ರ ಕೊನೆಯಲ್ಲಿ ಕಾಣಿಸಿಕೊಂಡ 'ಕಾನ್‌ಫಿಕರ್' ಈ ದಾರಿಯಿಂದಲೂ ಹರಡಿತು. ಮೈಕ್ರೋಸಾಫ್ಟ್ ಸಂಸ್ಥೆಯು ಹಳೆಯ ವಿಂಡೋಸುಗಳಲ್ಲಿ ಆ ವ್ಯವಸ್ಥೆಯನ್ನು ತಡೆದುದು 2011ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಕಾವಲು ಬೇಕೇ ಬೇಕಾಗಿತ್ತು. ಹಣ ಕೊಟ್ಟು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಆದುದರಿಂದ ಉಚಿತವಾಗಿ ಬಂದ ಕಾವಲುಗಾರನನ್ನು ಜನರು ಕೃತಜ್ಞತೆಯಿಂದಲೇ ಒಳಗೆ ಕರೆದರು. ಆ ತಂತ್ರಾಂಶಗಳು ಅಂದು ನಿಜವಾದ ಉಪಕಾರವನ್ನು ಮಾಡಿದುವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

4

ಉಚಿತವಾಗಿ ಕೊಟ್ಟ ಸಂಸ್ಥೆಗೆ ಹಣ ಬರುವುದೆಲ್ಲಿಂದ? ಉಚಿತ ಆವೃತ್ತಿಯನ್ನು ಬಳಸಿ ಮೆಚ್ಚಿದವರಲ್ಲಿ ಕೆಲವರು ಬೆಲೆಯ ಆವೃತ್ತಿಯನ್ನು ಕೊಳ್ಳುವರೆಂಬುದು ಮೊದಲ ಲೆಕ್ಕ. ಆದರೆ ಹಾಗೆ ಕೊಳ್ಳುವವರು ಸ್ವಲ್ಪವೇ. ಉಳಿದವರಿಂದಲೂ ಆದಾಯ ಪಡೆಯುವ ಇನ್ನೊಂದು ದಾರಿ ಹುಡುಕುಯಂತ್ರಗಳ ಮೂಲಕ ತೆರೆಯಿತು. ಬ್ರೌಸರಿನ ಮೇಲಂಚಿನಲ್ಲಿ ಕುಳಿತುಕೊಳ್ಳುವ ಒಂದು ಪಟ್ಟಿಯೇ ಟೂಲ್‌ಬಾರ್. ಅದು ಬಳಕೆದಾರನ ಮುಖಪುಟವನ್ನೂ ಅವನು ಆರಿಸಿಕೊಂಡಿದ್ದ ಹುಡುಕುಯಂತ್ರವನ್ನೂ ಬದಲಿಸುತ್ತದೆ. ಅವನು ಹುಡುಕಿದಾಗಲೆಲ್ಲ ಜಾಹೀರಾತಿನಿಂದ ಬಂದ ಹಣದ ಒಂದು ಪಾಲು ಟೂಲ್‌ಬಾರನ್ನು ಸೇರಿಸಿದವನಿಗೆ ಸಲ್ಲುತ್ತದೆ. ಎವಿಜಿ ಸಂಸ್ಥೆಯು 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಷೇರುಪೇಟೆಯನ್ನು ಪ್ರವೇಶಿಸುವ ಹೊತ್ತಿಗೆ ಅದರ ಆದಾಯದ ಗಣನೀಯ ಭಾಗವು ಹೀಗೆ ಹುಡುಕಾಟದ ಮೂಲಕವೇ ಬರುತ್ತಿತ್ತು.

ಸೇರಿಸುವ ಕ್ರಮವನ್ನು ಗಮನಿಸುವುದು ಅವಶ್ಯಕ. ತಂತ್ರಾಂಶವನ್ನು ಸ್ಥಾಪಿಸುವಾಗ ಒಂದರ ಹಿಂದೊಂದು ಪುಟಗಳು ಬರುತ್ತವೆ. ಟೂಲ್‌ಬಾರಿಗೆ ಒಪ್ಪಿಗೆಯ ಗುರುತನ್ನು ಮೊದಲೇ ಹಾಕಿರುತ್ತಾರೆ. ಬೇಡವಾದವನೇ ಅದನ್ನು ಅಳಿಸಬೇಕು. ಕೆಲವೆಡೆ 'ಶಿಫಾರಸು ಮಾಡಿದ ವಿಧಾನ' ಎಂಬುದನ್ನು ಆರಿಸಿದರೆ ಆ ಗುರುತೇ ಕಣ್ಣಿಗೆ ಬೀಳದು. ಎಲ್ಲವೂ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ. 'ನೆಕ್ಸ್ಟ್' ಎಂಬುದನ್ನು ಒತ್ತುತ್ತ ಹೋಗುವುದೊಂದೇ ಬಹುಜನರಿಗೆ ತಿಳಿದ ವಿಧಾನವಾಗಿತ್ತು. ಹೀಗೆ ಪಡೆದುದನ್ನು ಕಾನೂನಿನ ಮಾತಿನಲ್ಲಿ ಒಪ್ಪಿಗೆಯೆಂದರೂ ಅರ್ಥದಲ್ಲಿ ಅದು ಒಪ್ಪಿಗೆಯಲ್ಲ.

ಈ ಪದ್ಧತಿಯನ್ನು ವೈರಸ್‌ನಿವಾರಕಗಳು ಮಾತ್ರವೇ ಅನುಸರಿಸಿದುವೆಂದು ಹೇಳಲಾಗದು. ಜಾವಾ ತಂತ್ರಾಂಶದೊಡನೆ ಆಸ್ಕ್ ಟೂಲ್‌ಬಾರೂ, ಅಡೋಬಿಯ ಫ್ಲ್ಯಾಶಿನೊಡನೆ ಮೆಕಾಫಿಯ ಪರೀಕ್ಷಕವೂ ಬರುತ್ತಿದ್ದುವು. 2011ರ ಡಿಸೆಂಬರದಲ್ಲಿ 'ಎನ್‌ಮ್ಯಾಪ್' ಎಂಬ ಮುಕ್ತ ತಂತ್ರಾಂಶದ ಕರ್ತೃವಾದ ಗಾರ್ಡನ್ ಲಯನ್ ಅವರು, ಪ್ರಸಿದ್ಧವಾದ ಡೌನ್‌ಲೋಡ್ ತಾಣವೊಂದು ತಮ್ಮ ಕೃತಿಗೆ ಟೂಲ್‌ಬಾರನ್ನು ಸುತ್ತಿ ಹಂಚುತ್ತಿದೆಯೆಂದು ಬಹಿರಂಗವಾಗಿ ಪ್ರತಿಭಟಿಸಿದರು. ಆದರೆ ಇತರ ತಂತ್ರಾಂಶಗಳಿಗೂ ವೈರಸ್‌ನಿವಾರಕಕ್ಕೂ ಒಂದು ಮೂಲಭೂತವಾದ ಭೇದವಿದೆ. ಹೇಳದೆ ಒಳನುಗ್ಗುವುದನ್ನು ತಡೆಯುವುದೇ ಯಾವುದರ ಧರ್ಮವೋ ಅದೇ ಇಲ್ಲಿ ಹೇಳದೆ ಒಳತರುವುದಾಯಿತು. ಹತ್ತಿಯ ಉಪಮೆಯನ್ನು ಇಲ್ಲಿ ತಿದ್ದಿಕೊಳ್ಳಬೇಕಾಗುತ್ತದೆ. ಮೊದಲ ನೋಟಕ್ಕೆ ಈ ಸಂಸ್ಥೆಗಳು ಬೆರಕೆ ಮಾಡುವ ವರ್ತಕನಂತೆ ಕಾಣುತ್ತವೆ. ವಾಸ್ತವವಾಗಿ ಇವುಗಳ ಸ್ಥಾನವು ಅಂಡಿಗೆಯನ್ನು ಬಿಚ್ಚಿ ಪರೀಕ್ಷಿಸುವ ಇನ್‌ಸ್ಪೆಕ್ಟರನದು. ವರ್ತಕನು ಬೆರಕೆ ಮಾಡಿದರೆ ಒಂದು ಅಂಡಿಗೆ ಕೆಡುತ್ತದೆ. ಇನ್‌ಸ್ಪೆಕ್ಟರನೇ ಬೆರಕೆ ಮಾಡಿದರೆ ತಪಾಸಣೆಯ ಮುದ್ರೆಯೇ ಕೆಡುತ್ತದೆ.

ಅವಿರಾದ ಉದಾಹರಣೆಯು ಇದನ್ನು ಸ್ಪಷ್ಟಪಡಿಸುತ್ತದೆ. 2011ರಲ್ಲಿ ಆ ಸಂಸ್ಥೆಯು ತನ್ನ ಉಚಿತ ಆವೃತ್ತಿಯಲ್ಲಿ ಜಾಲತಾಣಗಳ ಅಪಾಯವನ್ನು ತಡೆಯುವ ಭಾಗವನ್ನು, ಆಸ್ಕ್ ಸಂಸ್ಥೆಯ ತಂತ್ರದಿಂದ ರೂಪಿಸಿದ ಟೂಲ್‌ಬಾರನ್ನು ಒಪ್ಪಿಕೊಂಡವರಿಗೆ ನೀಡತೊಡಗಿತು. ಅಂದರೆ ಕಾವಲಿನ ಒಂದು ಅಂಶಕ್ಕೇ ಬೇಡದ ವಸ್ತುವು ಷರತ್ತಾಯಿತು. ಮುಂದೆ ಅದೇ ಸಂಸ್ಥೆಯು ದಾರಿಯನ್ನು ಬದಲಿಸಿ ಇಂಥ ಅನಪೇಕ್ಷಿತ ತಂತ್ರಾಂಶಗಳನ್ನು ತಡೆಯತೊಡಗಿದಾಗ, ತಡೆಯಲ್ಪಟ್ಟ ಸಂಸ್ಥೆಯೊಂದು ಬರ್ಲಿನಿನ ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ತೀರ್ಪು ಅವಿರಾದ ಪರವಾಗಿ ಬಂದಿತು. ದಾರಿ ಬದಲಿಸುವುದು ಅಸಾಧ್ಯವಾಗಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

5

ಟೂಲ್‌ಬಾರಿನಿಂದಾದ ಹಾನಿಯು ಕ್ಷುಲ್ಲಕವೆಂದು ತೋರಬಹುದು. ಹಾಗಲ್ಲ. ಹಳೆಯ, ಕಡಿಮೆ ಸ್ಮೃತಿಶಕ್ತಿಯ ಗಣಕಗಳು ಇವುಗಳ ಭಾರದಿಂದ ನಿಧಾನವಾದುವು. ತೂಕದ ಲೆಕ್ಕದಲ್ಲಿ ಹಣ ತೆರಬೇಕಾಗಿದ್ದ ಸಂಪರ್ಕದಲ್ಲಿ ಬೇಡದ ಜಾಹೀರಾತುಗಳೂ ಹರಿದುವು. ಮೂಲ ತಂತ್ರಾಂಶವನ್ನು ತೆಗೆದರೂ ಟೂಲ್‌ಬಾರು ಎಷ್ಟೋ ಸಲ ಉಳಿಯುತ್ತಿತ್ತು. ಅದನ್ನು ತೆಗೆಸಲು ರಿಪೇರಿಯವನಿಗೆ ಹಣ ಕೊಡಬೇಕಾಗುತ್ತಿತ್ತು. ಹೀಗೆ 'ಉಚಿತ'ದ ಬೆಲೆಯನ್ನು ಅತ್ಯಂತ ಹೆಚ್ಚಾಗಿ ತೆತ್ತವರು, ಕೊಳ್ಳುವ ಶಕ್ತಿಯಿಲ್ಲದೆ ಅದನ್ನು ಆರಿಸಿಕೊಂಡವರೇ.

ಇದಕ್ಕಿಂತ ಗುರುತರವಾದ ಹಾನಿಯು ಭದ್ರತೆಗೇ ಆಯಿತು. 2015ರ ಡಿಸೆಂಬರದಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರಾದ ಟಾವಿಸ್ ಆರ್ಮಂಡಿಯವರು, ಎವಿಜಿಯು ಕ್ರೋಮ್ ಬ್ರೌಸರಿನಲ್ಲಿ ಸ್ಥಾಪಿಸುತ್ತಿದ್ದ 'ವೆಬ್ ಟ್ಯೂನ್‌ಅಪ್' ಎಂಬ ಜೋಡಣೆಯಲ್ಲಿ ಗಂಭೀರವಾದ ದೋಷವಿರುವುದನ್ನು ಪ್ರಕಟಿಸಿದರು. ಸುಮಾರು 90 ಲಕ್ಷ ಬಳಕೆದಾರರ ಬ್ರೌಸರುಗಳಲ್ಲಿ ಅದು ಇತ್ತು. ಅವರ ಬ್ರೌಸಿಂಗ್ ವೃತ್ತಾಂತವು ಪರರಿಗೆ ಬಯಲಾಗುವ ಸಂಭವವಿತ್ತು. ದೋಷವನ್ನು ಬಳಿಕ ಸರಿಪಡಿಸಲಾಯಿತು. ಆದರೆ ಕಾವಲಿಗೆಂದು ಸೇರಿಸಿದ ವಸ್ತುವೇ ಕನ್ನವಾಗಬಲ್ಲುದೆಂಬುದು ಜಗತ್ತಿಗೆ ತಿಳಿಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಆಸ್ಕ್ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಅನಪೇಕ್ಷಿತ ತಂತ್ರಾಂಶಗಳ ಪಟ್ಟಿಗೆ ಸೇರಿಸಿತ್ತು. ನಿನ್ನೆಯವರೆಗೆ ಕಾವಲುಗಾರನ ಸಂಗಡಿಗನಾಗಿ ಬಂದವನು ಇಂದು ಕಳ್ಳರ ಪಟ್ಟಿಯಲ್ಲಿ ಕಾಣಿಸಿಕೊಂಡಂತಾಯಿತು.

ಭಾರತಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಂಗವೂ ಗಮನಾರ್ಹವಾಗಿದೆ. ಅವಾಸ್ಟ್ ಸಂಸ್ಥೆಯು ತನ್ನ ಉಚಿತ ಬಳಕೆದಾರರಿಗೆ ದೂರವಾಣಿಯ ಮೂಲಕ ನೆರವು ನೀಡುವ ಕೆಲಸವನ್ನು ಗುರುಗಾಂವದ ಐಯೋಗಿ ಎಂಬ ಸಂಸ್ಥೆಗೆ ಒಪ್ಪಿಸಿತ್ತು. ನೆರವು ಕೇಳಿ ಬಂದವರಿಗೆ ಅನವಶ್ಯಕವಾದ ಸೇವೆಗಳನ್ನು ಮಾರಲು ಯತ್ನಿಸಲಾಗುತ್ತಿದೆಯೆಂಬ ವರದಿಯು ಪತ್ರಕರ್ತರಾದ ಬ್ರಯನ್ ಕ್ರೆಬ್ಸ್ ಅವರಿಂದ ಪ್ರಕಟವಾದ ಮೇಲೆ 2012ರ ಮಾರ್ಚಿಯಲ್ಲಿ ಅವಾಸ್ಟ್ ಆ ಸಂಬಂಧವನ್ನು ನಿಲ್ಲಿಸಿತು. ಇಲ್ಲಿಯೂ ಕಾಣುವುದು ಅದೇ ತತ್ತ್ವ: ಒಂದು ಕಾರ್ಯಕ್ಕಾಗಿ ಪಡೆದ ವಿಶ್ವಾಸವನ್ನು ಇನ್ನೊಂದಕ್ಕೆ ಉಪಯೋಗಿಸುವುದು.

6

ಟೂಲ್‌ಬಾರುಗಳ ಕಾಲವು 2010ರ ದಶಕದ ಉತ್ತರಾರ್ಧದಲ್ಲಿ ಹಿಂದೆ ಸರಿಯಿತು. ಆದರೆ ಅವುಗಳ ಹಿಂದಿದ್ದ ಲೆಕ್ಕಾಚಾರವು ಹಾಗೆಯೇ ಉಳಿದು ಬೇರೆ ರೂಪವನ್ನು ತಾಳಿತು. 2015ರ ಅಕ್ಟೋಬರದಿಂದ ಜಾರಿಗೆ ಬಂದ ಎವಿಜಿಯ ಹೊಸ ಗೋಪ್ಯತೆಯ ನಿಯಮಗಳು, ವ್ಯಕ್ತಿಯ ಗುರುತಿಲ್ಲದ ಬ್ರೌಸಿಂಗ್ ಮಾಹಿತಿಯಿಂದ ಹಣ ಗಳಿಸುವ ಅಧಿಕಾರವನ್ನು ಸಂಸ್ಥೆಗೆ ಕೊಟ್ಟುವು. 2016ರಲ್ಲಿ ಅವಾಸ್ಟ್ ಸುಮಾರು 130 ಕೋಟಿ ಡಾಲರುಗಳಿಗೆ ಎವಿಜಿಯನ್ನು ಕೊಂಡಿತು. ಅವಾಸ್ಟಿಗೆ ಸೇರಿದ ಜಂಪ್‌ಶಾಟ್ ಎಂಬ ಸಂಸ್ಥೆಯು ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಇತರ ಸಂಸ್ಥೆಗಳಿಗೆ ಮಾರುತ್ತಿದ್ದುದು 2020ರ ಜನವರಿಯಲ್ಲಿ ಎರಡು ಪತ್ರಿಕೆಗಳ ತನಿಖೆಯಿಂದ ಬಯಲಾಯಿತು. ಅದೇ ತಿಂಗಳು ಜಂಪ್‌ಶಾಟನ್ನು ಮುಚ್ಚುವುದಾಗಿ ಅವಾಸ್ಟ್ ಘೋಷಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 1 ಕೋಟಿ 65 ಲಕ್ಷ ಡಾಲರುಗಳನ್ನು ವಿಧಿಸಿ, ಜಾಹೀರಾತಿಗಾಗಿ ಇಂಥ ಮಾಹಿತಿಯನ್ನು ಮಾರದಂತೆ ನಿರ್ಬಂಧಿಸಿತು. ಟೂಲ್‌ಬಾರು ಕಣ್ಣಿಗೆ ಕಾಣುವ ಬೆರಕೆಯಾಗಿತ್ತು. ಇದು ಕಾಣದ ಬೆರಕೆ.

ವಿಶ್ವಾಸದ ನಷ್ಟದಿಂದ ಲಾಭ ಪಡೆದವರು ಯಾರು? ಮೈಕ್ರೋಸಾಫ್ಟ್ 2009ರಲ್ಲಿ ತನ್ನದೇ ಉಚಿತ ವೈರಸ್‌ನಿವಾರಕವನ್ನು ನೀಡಿ, 2012ರ ವಿಂಡೋಸ್ 8ರಲ್ಲಿ ಅದನ್ನು ವ್ಯವಸ್ಥೆಯ ಅಂಗವನ್ನಾಗಿಯೇ ಮಾಡಿತು. ಬೇರೆ ಕಾವಲುಗಾರನನ್ನು ಹುಡುಕುವ ಅಗತ್ಯ ಬಹುಮಟ್ಟಿಗೆ ತಪ್ಪಿತು. ಅವಿರಾ, ಅವಾಸ್ಟ್, ಎವಿಜಿಗಳು ಕಾಲಕ್ರಮದಲ್ಲಿ ನಾರ್ಟನ್ ಸಂಸ್ಥೆಯೊಡನೆ ಕೂಡಿ 2022ರಿಂದ 'ಜೆನ್ ಡಿಜಿಟಲ್' ಎಂಬ ಒಂದೇ ಸಂಸ್ಥೆಯ ಅಧೀನವಾದುವು. ಬಳಕೆದಾರನ ಆಯ್ಕೆ ಹಿಗ್ಗುವ ಬದಲು ಕುಗ್ಗಿತು.

ಇದರ ಜೊತೆಗೆ, ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟವಿದೆ. ಎಚ್ಚರಿಕೆಯ ಮಾತು ಪದೇಪದೇ ಮಾರಾಟದ ಮಾತಾದರೆ ನಿಜವಾದ ಎಚ್ಚರಿಕೆಯನ್ನೂ ಜನರು ಕೇಳುವುದಿಲ್ಲ. ಕಾವಲನ್ನೇ ಕಿತ್ತು ಹಾಕುವವರೂ ಉಂಟು. ಬ್ಯಾಂಕಿನ ವ್ಯವಹಾರ, ಪಹಣಿ, ಪಿಂಚಣಿಗಳೆಲ್ಲ ಗಣಕಕ್ಕೂ ಮೊಬೈಲಿಗೂ ಬಂದಿರುವ ಇಂದಿನ ಹಳ್ಳಿಯಲ್ಲಿ ಇಂಥ ಅಪನಂಬಿಕೆಯು ಸಣ್ಣ ಸಂಗತಿಯಲ್ಲ.

7

ಹಾಗಾದರೆ ದೋಷವು 'ಉಚಿತ'ದಲ್ಲಿದೆಯೇ? ಇಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ' ತಂತ್ರಾಂಶವು ಅನೇಕ ವರ್ಷ ಉಚಿತವಾಗಿ ದೊರೆಯಿತು. ಮುಂದೆ ಅದಕ್ಕೆ ಬೆಲೆಯನ್ನಿಟ್ಟಾಗ ಬಹಿರಂಗವಾಗಿಯೇ ಇಡಲಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯು ಸರಕಾರದ ಬೆಂಬಲದಿಂದ ಉಚಿತವಾಗಿ ಹಂಚಲ್ಪಟ್ಟಿತು. ಕನ್ನಡಿಗರು ಗಣಕದಲ್ಲಿ ಬರೆಯಲು ಕಲಿತುದು ಬಹುಮಟ್ಟಿಗೆ ಇವೆರಡರಿಂದಲೇ. ಉಚಿತವಾಗಿ ಕೊಡುವುದಕ್ಕೆ ಸಾರ್ವಜನಿಕ ಹಣ, ದಾನಬುದ್ಧಿ, ಮುಂದಿನ ಮಾರಾಟದ ನಿರೀಕ್ಷೆ ಇವುಗಳಲ್ಲಿ ಯಾವುದಾದರೂ ಆಧಾರವಾಗಬಹುದು. ಆಧಾರ ಯಾವುದೆಂಬುದು ಬಳಕೆದಾರನಿಗೆ ತಿಳಿದಿದ್ದರೆ ವಿಶ್ವಾಸಕ್ಕೆ ಭಂಗವಿಲ್ಲ. ಬೆಲೆಯನ್ನು ಮುಚ್ಚಿಟ್ಟುದೇ ದೋಷ.

ಕಾನೂನು ಈ ಅಂಶವನ್ನು ಈಗ ಗುರುತಿಸತೊಡಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ 30ರಂದು ಪ್ರಕಟಿಸಿದ ಮಾರ್ಗಸೂಚಿಗಳು, ಗ್ರಾಹಕನನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿವೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದೂ, ಒಂದು ಸೇವೆಗಾಗಿ ಸಂಬಂಧವಿಲ್ಲದ ಇನ್ನೊಂದನ್ನು ಒತ್ತಾಯಿಸುವುದೂ ಅವುಗಳಲ್ಲಿ ಸೇರಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾನೂನು, ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟುದೂ ಆಗಿರಬೇಕೆಂದು ವಿಧಿಸುತ್ತದೆ. ಒಪ್ಪಿಗೆಯನ್ನು ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶವನ್ನು ಕೊಡಬೇಕೆಂದೂ ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರದಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಟ್ಟಿವೆ. ಕನ್ನಡದಲ್ಲಿ ಕೇಳಿ ಕನ್ನಡದಲ್ಲಿ ಪಡೆದ ಒಪ್ಪಿಗೆಯು ಯಾವಗಲ್ಲಿನ ವಿದ್ಯಾರ್ಥಿಗೆ ಎಷ್ಟು ಪ್ರಯೋಜನಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ 1829ರಿಂದ 1880ರ ದಶಕದವರೆಗಿನ ಹತ್ತಿಯ ಕಾನೂನುಗಳ ಕಥೆಯು ನಮಗೆ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ದಂಡನೆಯೊಂದರಿಂದಲೇ ಬೆರಕೆಯು ನಿಲ್ಲಲಿಲ್ಲ. ಶುದ್ಧವಾದುದನ್ನು ಗುರುತಿಸಿ ಅದಕ್ಕೆ ಮೇಲಾದ ಬೆಲೆಯನ್ನು ಕೊಡುವ ಪೇಟೆ ಇರದಿದ್ದರೆ ಕಾನೂನಿನ ಕೈ ಬಹುದೂರ ಚಾಚಲಾರದು. ಗಣಕದ ಪೇಟೆಯಲ್ಲಿ ಆ ಗುರುತಿಸುವಿಕೆಯು ಬಳಕೆದಾರರ ಶಿಕ್ಷಣದಿಂದ ಆಗಬೇಕು. 'ಇದು ಉಚಿತ' ಎಂದಾಗ 'ಇದರ ಖರ್ಚನ್ನು ಭರಿಸುವವರು ಯಾರು' ಎಂದು ಕೇಳುವ ಅಭ್ಯಾಸವನ್ನು ಕಾಲೇಜಿನ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸಬಹುದು. ಧಾರವಾಡದ ಹತ್ತಿಯು ಕಳೆದುಕೊಂಡ ಹೆಸರನ್ನು ಮತ್ತೆ ಗಳಿಸಲು ಸುಧಾರಿತ ತಳಿಗಳೂ ಪ್ರಾಮಾಣಿಕವಾದ ಮಾರಾಟದ ವ್ಯವಸ್ಥೆಯೂ ಬೇಕಾದುವು. ಅದಕ್ಕೆ ತಲೆಮಾರುಗಳೇ ಹಿಡಿದುವು. ವೈರಸ್‌ನಿವಾರಕಗಳ ಹೆಸರು ಮರಳಿ ಬರುವುದಕ್ಕೂ ಅಷ್ಟೇ ಕಾಲ ಬೇಕಾಗಬಹುದು. ಕೆಡಿಸಲು ಮಾತ್ರ ಒಂದು ಸಣ್ಣ ಗುರುತು ಸಾಕಾಗಿತ್ತು.